ನೆಲದಡಿಯ ಇಂಗಾಲಾಮ್ಲವೂ ಬಾವಿಯ ನೀರೂ

ಗಂಗಾವತಿಗೆ ಸಮೀಪದ ಸಾಣಾಪುರದ ಸುತ್ತ ಹಬ್ಬಿರುವ ಗ್ರಾನೈಟ್ ಗುಡ್ಡಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಕಾರ್ಖಾನೆಗಳ ಹೊಗೆಯಿಂದ ಇಂಗಾಲಾಮ್ಲ ವಾಯುವನ್ನು ಬೇರ್ಪಡಿಸಿ ನೆಲದಾಳದಲ್ಲಿ ಹುಗಿದಿಡುವ ಉಪಾಯವನ್ನು ಕೇಳಿದವರು, ಈ ಬಂಡೆಗಿಂತ ಭದ್ರವಾದ ಉಗ್ರಾಣವುಂಟೇ ಎಂದುಕೊಂಡಾರು. ಆದರೆ ಗ್ರಾನೈಟಿನಲ್ಲಿ ವಾಯುವಿಗೆ ಎಡೆಗೊಡುವ ರಂಧ್ರಗಳಿಲ್ಲ. ಇರುವುದು ಬಿರುಕುಗಳು, ಆ ಬಿರುಕುಗಳಲ್ಲಿಯೇ ನಮ್ಮ ಕೊಳವೆಬಾವಿಗಳ ನೀರು.

ಈ ಕೆಲಸಕ್ಕೆ ಒದಗುವುದು ರಂಧ್ರಮಯವಾದ ಮರಳುಗಲ್ಲು. ಅದರ ಮೇಲೆ ವಾಯು ನುಸುಳದಂತಹ ಜೇಡಿಶಿಲೆಯ ಮುಚ್ಚಳವಿರಬೇಕು. ಆಳವು 800 ಮೀಟರಿಗೆ ಮೀರಿದ್ದರೆ ಒತ್ತಡದಿಂದ ವಾಯು ದ್ರವದಂತೆ ಸಾಂದ್ರವಾಗಿ ಸ್ವಲ್ಪ ಸ್ಥಳದಲ್ಲಿಯೇ ಅಡಗುತ್ತದೆ. ನಾರ್ವೆಯವರು 1996ರಲ್ಲಿ ಉತ್ತರ ಸಮುದ್ರದ ತಳದಲ್ಲಿ ಹೀಗೆ ತುಂಬಲಾರಂಭಿಸಿದರು. ಐಸ್‌ಲೆಂಡಿನಲ್ಲಿ 2012ರಲ್ಲಿ ವಾಯುವನ್ನು ನೀರಿನೊಡನೆ ಬಸಾಲ್ಟ್ ಶಿಲೆಗೆ ಇಳಿಸಿದಾಗ, ಅದರ ಬಹುಪಾಲು ಎರಡು ವರ್ಷಗಳೊಳಗೆ ಕಲ್ಲಾಗಿ ಗಟ್ಟಿಕಟ್ಟಿತು! ಬಸಾಲ್ಟು ನಮ್ಮ ವಿಜಯಪುರ, ಕಲಬುರಗಿಗಳಲ್ಲಿಯೂ ಉಂಟು. ಆದರೆ ಅದು ದಖ್ಖನ್ ಶಿಲಾಸ್ತರದ ಅಂಚು, ಪದರ ತೆಳುವು.

ಹುಗಿದ ವಾಯು ಸೋರಿ ಮೇಲಿನ ಅಂತರ್ಜಲಕ್ಕೆ ಸೇರಿದರೆ? ನೀರು ಸೋಡದಂತೆ ಹುಳಿಯಾಗುತ್ತದೆ. ಹುಳಿನೀರು ಕಲ್ಲುಮಣ್ಣುಗಳಿಂದ ಲೋಹಗಳನ್ನು ಕರಗಿಸುತ್ತದೆ. ಅಮೆರಿಕದ ಮೊಂಟಾನಾದಲ್ಲಿ 2008ರಲ್ಲಿ ವಿಜ್ಞಾನಿಗಳು ಬೇಕೆಂದೇ ದಿನಕ್ಕೆ 300 ಕಿಲೋಗ್ರಾಂ ವಾಯುವನ್ನು ತಿಂಗಳ ಕಾಲ ಮೇಲ್ನೆಲದೊಳಕ್ಕೆ ಬಿಟ್ಟು ನೋಡಿದರು. ನೀರಿನ ಪಿಎಚ್ ಅಂಕ 7.0ರಿಂದ 5.6ಕ್ಕೆ ಇಳಿಯಿತು. ಸುಣ್ಣ, ಕಬ್ಬಿಣ, ಮ್ಯಾಂಗನೀಸುಗಳು ಏರಿದವು. ಸೀಸದಂತಹ ವಿಷಲೋಹಗಳು ಕುಡಿಯುವ ನೀರಿನ ಮಿತಿಯೊಳಗೇ ಉಳಿದವು. ಪಿಎಚ್, ವಿದ್ಯುದ್ವಾಹಕತೆ, ಬೈಕಾರ್ಬೊನೇಟು ಇವು ಮೂರೂ ಸೋರಿಕೆಯನ್ನು ಬೇಗನೆ ತಿಳಿಸುವ ಗುರುತುಗಳೆಂದು ಇದರಿಂದ ಸ್ಪಷ್ಟವಾಯಿತು.

ಇಲ್ಲಿ ಒಂದು ತೊಡಕನ್ನು ಗಮನಿಸಬೇಕು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಅನೇಕ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಮಕ್ಕಳ ಹಲ್ಲುಗಳ ಕಂದುಗೆರೆಗಳೇ ಇದನ್ನು ಹೇಳುತ್ತವೆ. ಯಾವ ವಾಯುವನ್ನೂ ಹುಗಿಯದೆ ಗ್ರಾನೈಟು ತಾನಾಗಿ ಕೊಟ್ಟದ್ದು ಇದು. ಇಂತಹ ಸೀಮೆಯ ನೆರೆಯಲ್ಲಿ ಮುಂದೆಂದಾದರೂ ವಾಯುವನ್ನು ಹುಗಿಯುವುದಾದರೆ, ಮೊದಲಿನ ಲೆಕ್ಕವಿಲ್ಲದ ಪಕ್ಷದಲ್ಲಿ ಕಲ್ಲಿನ ದೋಷ ಕಾರ್ಖಾನೆಯ ತಲೆಗೂ ಕಾರ್ಖಾನೆಯ ದೋಷ ಕಲ್ಲಿನ ತಲೆಗೂ ಬರುವುದು ಸುಲಭ. ಆದುದರಿಂದ ಹುಗಿಯುವ ಮುನ್ನ ಪ್ರತಿಯೊಂದು ಬಾವಿಯನ್ನೂ ಬೇಸಗೆಯಲ್ಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಪರೀಕ್ಷಿಸಿ ಬರೆದಿಡಬೇಕು. ಈ ಖರ್ಚನ್ನು ದಂಡವೆನ್ನುವವರ ಮಾತಿಗೆ ನಾವು ಒಪ್ಪಲಾರೆವು.

ಇನ್ನೊಂದು ಪರೀಕ್ಷೆಯೂ ಉಂಟು. ಕಲ್ಲಿದ್ದಲಿನಿಂದ ಹುಟ್ಟಿದ ವಾಯುವಿನಲ್ಲಿ ಇಂಗಾಲ–14 ಇರುವುದಿಲ್ಲ. ಗಿಡಗಳ ಬೇರು ಉಸಿರಿದ ವಾಯುವಿನಲ್ಲಿ ಇರುತ್ತದೆ. ಬಾವಿಯ ನೀರಿನಲ್ಲಿ ಅದು ಹಠಾತ್ತನೆ ತಗ್ಗಿದರೆ ಸಂಶಯಪಡಬೇಕು. ಹಳೆಯ ಸುಣ್ಣಕಲ್ಲು ಕರಗಿದರೂ ಹೀಗೆಯೇ ತಗ್ಗುವುದರಿಂದ, ಇದೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ.