ದುಡಿಯುವ ಕೈಗಳ ರಕ್ಷಣೆ

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹೆದ್ದಾರಿಯಲ್ಲಿರುವ ಊರು ಹಾರೋಹಳ್ಳಿ. ರಾಗಿಯ ಹೊಲ, ಹಿಪ್ಪುನೇರಳೆಯ ತೋಟಗಳ ಈ ಸೀಮೆಯಲ್ಲಿ ಈಗ ವಿಶಾಲವಾದ ಕೈಗಾರಿಕಾ ಪ್ರದೇಶ ಬೆಳೆದಿದೆ. ನೇಗಿಲು ಹಿಡಿದವರ ಮಕ್ಕಳು ಯಂತ್ರಗಳ ಮುಂದೆ ನಿಂತು ದುಡಿಯುತ್ತಿದ್ದಾರೆ. ಉಳುವ ಎತ್ತು ಒಡೆಯನ ದನಿ ಕೇಳಿದರೆ ನಿಲ್ಲುತ್ತದೆ, ಯಂತ್ರಕ್ಕೆ ಕಿವಿಯಿಲ್ಲ. ಆದುದರಿಂದ ಯಂತ್ರದೊಡನೆ ಬಾಳುವ ಬಗೆಯನ್ನು ಮನುಷ್ಯನು ಹೊಸದಾಗಿ ಕಲಿಯಬೇಕಾಯಿತು.

ತಗಡನ್ನು ಕತ್ತರಿಸಿ ಆಕಾರ ಕೊಡುವ ಪವರ್ ಪ್ರೆಸ್ಸನ್ನೇ ನೋಡಬಹುದು. ಇದರ ಭಾರವಾದ ಚಕ್ರವು ತಿರುಗುತ್ತ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ಕೆಲಸಗಾರನು ಪೆಡಲನ್ನು ತುಳಿದೊಡನೆ ಮೇಲಿನ ಅಚ್ಚು ಕೆಳಗಿನ ಅಚ್ಚಿನ ಮೇಲೆ ಬಂದೆರಗುತ್ತದೆ. ಹಳೆಯ ಬಗೆಯ ಪ್ರೆಸ್ಸುಗಳಲ್ಲಿ ಒಮ್ಮೆ ಹೊರಟ ಪೆಟ್ಟನ್ನು ನಡುವೆ ತಡೆಯಲಾಗದು. ತಗಡನ್ನು ಇಡುವುದಕ್ಕೂ ತೆಗೆಯುವುದಕ್ಕೂ ಕೈ ಅಚ್ಚುಗಳ ನಡುವೆ ಹೋಗುವಂತಿದ್ದರೆ, ದಣಿವಿನಿಂದ ಕೈಕಾಲುಗಳ ಲಯ ಒಂದೇ ಒಂದು ಸಲ ತಪ್ಪಿದರೂ ಸಾಕು, ಬೆರಳುಗಳು ಜಜ್ಜಿಹೋಗುತ್ತವೆ.

ಇದಕ್ಕೆ ಪರಿಹಾರವಿಲ್ಲದಿಲ್ಲ. ಎರಡು ಕೈಗಳಿಂದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಯಂತ್ರ ಚಲಿಸುವಂತೆ ಮಾಡಬಹುದು. ಆಗ ಕೈಗಳೆರಡೂ ಅಚ್ಚಿನ ಹೊರಗೇ ಇರುತ್ತವೆ. ಬೆರಳು ನುಸುಳದಂತೆ ಕಂಬಿಯ ತಡೆಯನ್ನು ಕಟ್ಟಬಹುದು. ಆದರೆ ಉತ್ಪಾದನೆಯ ಆತುರದಲ್ಲಿ ಒಂದು ಗುಂಡಿಯನ್ನು ಕಟ್ಟಿಹಾಕುವುದೂ ತಡೆಯನ್ನು ಕಳಚಿಡುವುದೂ ಉಂಟು. ಅಪಘಾತ ಹುಟ್ಟುವುದು ಅಲ್ಲಿಯೇ.

ಯಂತ್ರಕ್ಕೆ ಬೇಲಿ ಹಾಕಬೇಕೆಂದು ಇಂಗ್ಲೆಂಡಿನಲ್ಲಿ 1844ರಲ್ಲಿ ಕಾನೂನಾಯಿತು. ಭಾರತದ ಮೊದಲ ಕಾರ್ಖಾನೆ ಕಾಯಿದೆ ಬಂದುದು 1881ರಲ್ಲಿ. ಗಾಯಗೊಂಡವರಿಗೆ ಪರಿಹಾರ ನೀಡುವ ಕಾಯಿದೆ 1923ರಲ್ಲಿಯೂ, ಕಾರ್ಖಾನೆಗಳ ಕಾಯಿದೆ ಮತ್ತು ಕಾರ್ಮಿಕರ ರಾಜ್ಯ ವಿಮಾ ಕಾಯಿದೆಗಳು 1948ರಲ್ಲಿಯೂ ರೂಪುಗೊಂಡವು. 2025ರ ನವೆಂಬರ್ 21ರಿಂದ ಇವುಗಳ ಸ್ಥಾನದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹೆಸರು ಬದಲಾದರೂ ತತ್ತ್ವ ಒಂದೇ: ಯಂತ್ರದಿಂದ ಲಾಭ ಪಡೆಯುವವನು ಅದರ ಅಪಾಯದ ಹೊಣೆಯನ್ನೂ ಹೊರಬೇಕು.

ವಿಮೆಯ ವ್ಯಾಪ್ತಿಗೆ ಸೇರಿದ ಕಾರ್ಮಿಕನು ಕೆಲಸಕ್ಕೆ ಬಂದ ಮೊದಲ ದಿನವೇ ಗಾಯಗೊಂಡರೂ ಅವನಿಗೆ ಚಿಕಿತ್ಸೆ ದೊರೆಯಬೇಕು. ದುಡಿಯಲಾಗದ ದಿನಗಳಿಗೆ ಕೂಲಿಯ ಬಹುಪಾಲು ಸಲ್ಲಬೇಕು. ಗುತ್ತಿಗೆದಾರನ ಮೂಲಕ ಬಂದವನೆಂಬ ಕಾರಣಕ್ಕೆ ಈ ಹಕ್ಕು ತಪ್ಪದು. ವಿಮೆಯಿಲ್ಲದವನಿಗೆ ಮಾಲೀಕನೇ ಪರಿಹಾರ ಕೊಡಬೇಕು. ಕಾರ್ಮಿಕನು ಕ್ಷಣಕಾಲ ಮೈಮರೆತನೆಂಬುದು ಪರಿಹಾರವನ್ನು ನಿರಾಕರಿಸಲು ಸಾಕಾಗುವ ಕಾರಣವಲ್ಲ. ಪರಿಹಾರವನ್ನು ಬಿಟ್ಟುಕೊಡುತ್ತೇನೆಂದು ಅವನಿಂದ ಬರೆಸಿಕೊಂಡ ಕಾಗದಕ್ಕೂ ಬೆಲೆಯಿಲ್ಲ.

ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇಕಡ 30, ಒಂದು ಕೈಯ ನಾಲ್ಕು ಬೆರಳುಗಳು ಹೋದರೆ ಶೇಕಡ 50 ನಷ್ಟವೆಂದು 1923ರ ಕಾಯಿದೆಯ ಪಟ್ಟಿ ಎಣಿಸಿತು. ಆದರೆ ಬಾಳಿನ ನಷ್ಟವನ್ನು ಪಟ್ಟಿಯೊಂದೇ ಅಳೆಯಲಾರದು. ಕೆಲಸದಲ್ಲಿ ಎಡತೋಳನ್ನು ಕಳೆದುಕೊಂಡ ಬಡಗಿಯೊಬ್ಬನ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂದಿತು. ಇದು ಪೂರ್ಣ ಅಸಾಮರ್ಥ್ಯವಲ್ಲವೆಂದು ಮಾಲೀಕನು ವಾದಿಸಿದನು. ಬಡಗಿಯ ಕೆಲಸವನ್ನು ಒಂದೇ ಕೈಯಿಂದ ಮಾಡಲಾಗದು. ಆದುದರಿಂದ ನಷ್ಟ ಪೂರ್ಣವಾದುದೆಂದು ನ್ಯಾಯಾಲಯವು 1975ರಲ್ಲಿ ತೀರ್ಪಿತ್ತಿತು. ಪರಿಹಾರದ ಹೊಣೆ ಅಪಘಾತವಾದ ದಿನವೇ ಹುಟ್ಟುತ್ತದೆಂದೂ ಸಾರಿತು.

ಆದರೂ ಯಾವ ಪರಿಹಾರವೂ ಹೋದ ಬೆರಳನ್ನು ತಂದುಕೊಡದು. ಗಾಯವಾಗದಂತೆ ನೋಡಿಕೊಳ್ಳುವುದೇ ಮೊದಲ ಧರ್ಮ. ತಡೆಯನ್ನು ಕಳಚಿದ ಯಂತ್ರದ ಮುಂದೆ ನಿಂತವನು ಆ ಅಪಾಯವನ್ನು ಮಾಲೀಕನಿಗೂ ಸರ್ಕಾರದ ತಪಾಸಣಾಧಿಕಾರಿಗೂ ತಿಳಿಸಬಹುದು. ಇದು ಉದ್ಧಟತನವಲ್ಲ, ಹಕ್ಕು. ನಾಳೆ ಯಂತ್ರಗಳ ಮುಂದೆ ನಿಲ್ಲುವವರು ಇಂದು ಶಾಲೆಯಲ್ಲಿ ಓದುತ್ತಿರುವ ಮಕ್ಕಳೇ. ಯಂತ್ರವನ್ನು ನಡೆಸುವ ವಿದ್ಯೆಯೊಡನೆ ಈ ಹಕ್ಕಿನ ಅರಿವನ್ನೂ ಅವರು ಪಡೆದಿರಬೇಕು.

ಅಭ್ಯಾಸ

1. ಪವರ್ ಪ್ರೆಸ್ಸಿನಿಂದ ಬೆರಳುಗಳಿಗೆ ಅಪಾಯ ಒದಗುವುದು ಹೇಗೆ? ಅದನ್ನು ತಡೆಯುವ ಉಪಾಯಗಳಾವುವು?
2. ಬಡಗಿಯ ಮೊಕದ್ದಮೆಯಲ್ಲಿ ನಷ್ಟ ಪೂರ್ಣವಾದುದೆಂದು ನ್ಯಾಯಾಲಯವು ಹೇಳಿದುದೇಕೆ?
3. ‘ಇದು ಉದ್ಧಟತನವಲ್ಲ, ಹಕ್ಕು’ - ಈ ಮಾತನ್ನು ಸಮರ್ಥಿಸಿರಿ.