ಕೆಸರಿನಲ್ಲಿ ಉಣ್ಣುವ ಉಲ್ಲಂಕಿ

ಮೂಡಿಗೆರೆ ತಾಲೂಕಿನ ದೇವರಮನೆಗೆ ಹೋದವರು ಕಾಲಭೈರವೇಶ್ವರನ ಗುಡಿಯನ್ನೂ ಹುಲ್ಲುಗುಡ್ಡಗಳ ಮೇಲೆ ತೇಲುವ ಮಂಜನ್ನೂ ಕಂಡು ಹಿಂದಿರುಗುತ್ತಾರೆ. ಇಳಿದು ಬರುವಾಗ, ಕಾಫಿತೋಟಗಳ ನಡುವಣ ಗದ್ದೆಬಯಲಿನ ಬಳಿ ನಿಲ್ಲುವವರು ವಿರಳ. ಕೊಯ್ಲು ಮುಗಿದ ಗದ್ದೆಯ ಬದುವಿನ ಮೇಲೆ ನಾವು ನಾಲ್ಕು ಹೆಜ್ಜೆ ಇಟ್ಟೆವೆಂದರೆ, ಬರಿದೆಂದು ತೋರುತ್ತಿದ್ದ ಕೂಳೆಗಳ ನಡುವಿನಿಂದ ಕಂದುಬಣ್ಣದ ಹಕ್ಕಿಯೊಂದು ಒರಟಾಗಿ ಕೂಗುತ್ತ ಚಿಮ್ಮಿ, ಅಂಕುಡೊಂಕಾಗಿ ಹಾರಿ, ದೂರದಲ್ಲಿಳಿದು ಮತ್ತೆ ಮಣ್ಣಿನೊಳಗೆ ಮಣ್ಣಾಗಿಬಿಡುವುದುಂಟು. ಇದೇ ಉಲ್ಲಂಕಿ; ಇಂಗ್ಲಿಷಿನ ಸ್ನೈಪ್. ಇದಕ್ಕೆ ಗುರಿಯಿಡುವುದು ಬಲು ಕಷ್ಟ. ಹದಿನೆಂಟನೆಯ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷರ ಈ ಬೇಟೆಯಿಂದಲೇ ‘ಸ್ನೈಪರ್’ ಎಂಬ ಮಾತು ಹುಟ್ಟಿತು.

ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ನಮ್ಮಲ್ಲಿ ತಂಗುವ ಉಲ್ಲಂಕಿಗಳಲ್ಲಿ ಸಾಮಾನ್ಯ ಉಲ್ಲಂಕಿ, ಸೂಜಿಬಾಲದ ಉಲ್ಲಂಕಿ ಎಂಬ ಎರಡು ಜಾತಿಗಳು ಮುಖ್ಯವಾದುವು. ಹಾರುವಾಗ ಇವನ್ನು ಬೇರೆಬೇರೆಯಾಗಿ ಗುರುತಿಸುವುದು ಪರಿಣತರಿಗೂ ಸುಲಭವಲ್ಲ. ಮೊದಲನೆಯದಕ್ಕೆ ಸಾಮಾನ್ಯವಾಗಿ 14 ಬಾಲದ ಗರಿಗಳು. ಎರಡನೆಯದಕ್ಕೆ 24ರಿಂದ 28, ಅಂಚಿನವು ಸೂಜಿಯಷ್ಟು ಸಪೂರ. ಸೂಜಿಬಾಲದ ಜಾತಿ ಮರಿಮಾಡುವುದು ಸೈಬೀರಿಯದಲ್ಲಿ. ಅಲ್ಲಿನ 60ನೆಯ ಅಕ್ಷಾಂಶದಿಂದ ನಮ್ಮ 13ನೆಯ ಅಕ್ಷಾಂಶಕ್ಕೆ 47 ಡಿಗ್ರಿ. ಡಿಗ್ರಿಗೆ 111 ಕಿಲೋಮೀಟರಿನಂತೆ ನೇರದಾರಿಯೇ ಸುಮಾರು 5,200 ಕಿಲೋಮೀಟರ್. ಹಕ್ಕಿಯ ತೂಕವಾದರೋ ಸುಮಾರು 100 ಗ್ರಾಂ!

ಮರಿಮಾಡುವ ನಾಡಿನಲ್ಲಿ ಸಾಮಾನ್ಯ ಉಲ್ಲಂಕಿಯ ಗಂಡು ಎತ್ತರದಿಂದ ಓರೆಯಾಗಿ ಧುಮುಕುತ್ತ ಗುಂಯ್‌ಗುಡುವ ಧ್ವನಿಯೊಂದನ್ನು ಹೊರಡಿಸುತ್ತದೆ. ಅದು ಕಂಠದ್ದಲ್ಲ, ಬಾಲದ್ದು. ಅಂಚಿನ ಗರಿಗಳು ಗಾಳಿಗೆ ಸಿಕ್ಕಿದ ಬಾವುಟದಂತೆ ಪಟಪಟಿಸಿ ಸ್ವರವೇಳುತ್ತದೆಂದು 2010ರಲ್ಲಿ ಮ್ಯಾಂಚೆಸ್ಟರಿನ ಸಂಶೋಧಕರು ಗಾಳಿಸುರಂಗದಲ್ಲಿ ಪರೀಕ್ಷಿಸಿ ತೋರಿಸಿದರು. ಭೌತವಿಜ್ಞಾನ ಕಲಿಸುವ ನಮಗೆ ಆ ಸಂಗೀತ ಕೇಳುವ ಆಸೆ. ಇಲ್ಲಿಗೆ ಬಂದಾಗ ಮಾತ್ರ ಹಕ್ಕಿಗೆ ಊಟವೇ ಮುಖ್ಯ.

ಊಟದ ಉಪಕರಣವೆಂದರೆ ಆರೇಳು ಸೆಂಟಿಮೀಟರ್ ಉದ್ದದ ನೇರ ಕೊಕ್ಕು. ಅದರ ತುದಿಯಲ್ಲಿ ಸಣ್ಣ ಕುಳಿಗಳೂ ಅವುಗಳೊಳಗೆ ಸ್ಪರ್ಶವನ್ನರಿಯುವ ನರತುದಿಗಳೂ ತುಂಬಿವೆ. ಕೆಸರಿನಲ್ಲಿ ಕೊಕ್ಕನ್ನು ಬುಡದವರೆಗೆ ಹೂತಾಗ ಇಡೀ ಬಾಯಿ ತೆರೆಯಲು ಎಡೆಯೆಲ್ಲಿ? ಅದಕ್ಕೆಂದೇ ಮೇಲ್ಗೊಕ್ಕಿನ ತುದಿಯಷ್ಟೇ ಬಾಗಿ ಮೇಲೇಳುತ್ತದೆ; ಬುಡದ ಸ್ನಾಯುಗಳು ಸಪೂರ ಎಲುಬುಗಳ ಮೂಲಕ ಸನ್ನೆಯಂತೆ ಅದನ್ನು ನಡೆಸುತ್ತವೆ. ಹೀಗೆ ಎರೆಹುಳುವನ್ನೋ ಕೀಟದ ಮರಿಹುಳುವನ್ನೋ ಕಾಣದೆಯೇ ಹಿಡಿಯಬಹುದು. ತಲೆಯ ಬದಿಗಳಲ್ಲಿ ಹಿಂದಕ್ಕೆ ಸರಿದಿರುವ ಕಣ್ಣುಗಳು ಆ ಹೊತ್ತಿನಲ್ಲಿ ಶತ್ರುವಿನ ಕಾವಲಿಗೆ.

ಇಷ್ಟೆಲ್ಲ ಇದ್ದರೂ ಮಣ್ಣು ಗಟ್ಟಿಯಾದರೆ ಕೊಕ್ಕು ನಿರುಪಯೋಗಿ. ಮಣ್ಣು ಗಟ್ಟಿಯಾಗುವುದೇಕೆ? ಕಣಗಳ ನಡುವಣ ಎಡೆಯೆಲ್ಲ ನೀರಿನಿಂದ ತುಂಬಿರುವಾಗ ಅವು ಸಲೀಸಾಗಿ ಜರುಗುತ್ತವೆ. ನೀರು ಕುಗ್ಗಿ ಎಡೆಯಲ್ಲಿ ಗಾಳಿ ಹೊಕ್ಕೊಡನೆ, ಉಳಿದ ತೇವದ ಮೇಲ್ಮೈ ಎಳೆತ ಕಣಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಎರೆಹುಳುಗಳೂ ಆಳಕ್ಕಿಳಿಯುತ್ತವೆ. ಮಳೆ ನಿಂತ ಮೇಲೆಯೂ ತಗ್ಗಿನ ಗದ್ದೆಗಳು ಮೆತ್ತಗಿರುವುದು, ಹುಲ್ಲುಗುಡ್ಡಗಳೂ ಶೋಲಾ ಕಾಡುಗಳೂ ಹೀರಿಕೊಂಡ ನೀರು ಒರತೆಯಾಗಿ ನಿಧಾನವಾಗಿ ಜಿನುಗುವುದರಿಂದ.

ಈಚಿನ ದಶಕಗಳಲ್ಲಿ ಮಲೆನಾಡಿನ ಹಲವು ಗದ್ದೆಬಯಲುಗಳು ಅಡಿಕೆ, ಕಾಫಿ, ಶುಂಠಿಗಳಿಗೆ ತಿರುಗಿವೆ. ಈ ಬೆಳೆಗಳ ಬೇರಿಗೆ ನಿಂತ ನೀರು ಆಗದು, ಬಸಿಗಾಲುವೆ ತೋಡಲೇಬೇಕು. ಆಳೂ ಸಿಗದೆ, ಭತ್ತಕ್ಕೆ ಬೆಲೆಯೂ ಗಿಟ್ಟದೆ ಸೋತ ಬೆಳೆಗಾರನನ್ನು ನಾವು ದೂರಲಾರೆವು. ಆದರೆ ಕಾಲುವೆ ತೋಡಿದಲ್ಲಿ ನೀರಿನ ಮಟ್ಟ ಒಂದು ಗೇಣು ಇಳಿದರೂ, ಏಳು ಸೆಂಟಿಮೀಟರಿನ ಕೊಕ್ಕಿನವನಿಗೆ ಆ ಬಯಲು ಮುಚ್ಚಿದ ಕಣಜ. ಏಪ್ರಿಲ್‌ನ ಮರುಪ್ರಯಾಣಕ್ಕೆ ಬೇಕಾದ ಕೊಬ್ಬು ಕೂಡಬೇಕಾದುದು ಇಂತಹ ಕೆಸರಿನಿಂದಲೇ.

ವಿದ್ಯಾರ್ಥಿಗಳು ಫೆಬ್ರವರಿಯಲ್ಲಿ ಪರೀಕ್ಷೆಯೊಂದನ್ನು ಮಾಡಬಹುದು. ಮೊಂಡು ಪೆನ್ಸಿಲೊಂದಕ್ಕೆ ಏಳು ಸೆಂಟಿಮೀಟರಿಗೆ ಗೆರೆ ಎಳೆದು, ಒಂದೇ ಬಯಲಿನ ಕೂಳೆಗದ್ದೆ, ಪಾಳುಗದ್ದೆ, ಹೊಸ ಅಡಿಕೆತೋಟಗಳಲ್ಲಿ ಎರಡು ಬೆರಳಿನಿಂದ ಮಣ್ಣಿಗೆ ಒತ್ತಿ ನೋಡಿ. ಗೆರೆಯವರೆಗೆ ಇಳಿದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ, ಮರುದಿನ ಬೆಳಗಿನ ಜಾವ ಸದ್ದಿಲ್ಲದೆ ಅಲ್ಲಿಗೇ ಹೋಗಿ ಕುಳಿತುಕೊಳ್ಳಿ.