ಏಜೆಂಟ್‌ಗೆ ಅಡ್ಮಿನ್ ಖಾತೆ ಬೇಡ

ಕಂಪನಿಯ ಲೈಫ್‌ರೇ ಪೋರ್ಟಲ್‌ಗೆ ಎಐ ಏಜೆಂಟ್ ಜೋಡಿಸಲು ಹೊರಟಿದ್ದೀರಾ? ಜೋಡಿಸುವುದು ಈಗ ಅಂಥ ಕಷ್ಟದ ಕೆಲಸವಲ್ಲ. ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಹೊರತಂದ ಎಂಸಿಪಿ ಎಂಬ ಮುಕ್ತ ಮಾನದಂಡ ಇಂಥ ಜೋಡಣೆಗೆಂದೇ ಇದೆ. ಲೈಫ್‌ರೇಯ ರೆಸ್ಟ್ ಎಪಿಐಗಳು ಮೊದಲಿನಿಂದಲೇ ಸಿದ್ಧವಿವೆ. ನೀವು ಕೂತು ಯೋಚಿಸಬೇಕಾದ್ದು, ಏಜೆಂಟ್ ಯಾರ ಹೆಸರಿನಲ್ಲಿ ಒಳಗೆ ಬರುತ್ತದೆ ಎಂಬುದನ್ನು.

ಪರೀಕ್ಷೆಗೆಂದು ಅಡ್ಮಿನ್ ಪಾಸ್‌ವರ್ಡ್ ಹಾಕಿ, ಕೆಲಸ ನಡೆಯಿತಲ್ಲ ಎಂದು ಹಾಗೇ ಬಿಟ್ಟುಬಿಡುವುದು ತುಂಬ ಸುಲಭ. ದಯವಿಟ್ಟು ಹಾಗೆ ಮಾಡಬೇಡಿ. ಏಜೆಂಟ್‌ಗೆಂದೇ ಬೇರೆ ಖಾತೆ ತೆರೆಯಿರಿ, ಬೇಕಾದಷ್ಟೇ ಅನುಮತಿಯ ರೋಲ್ ಕೊಡಿ, ಓಆಥ್ 2.0ರ ಸ್ಕೋಪ್‌ಗಳನ್ನು ಮೊದಲಿಗೆ ಓದುವುದಕ್ಕಷ್ಟೇ ಸೀಮಿತವಾಗಿಡಿ. ನೌಕರರ ಪ್ರಶ್ನೆಗೆ ಉತ್ತರಿಸುವ ಏಜೆಂಟ್ ಆದರೆ, ಅದು ಕೇಳಿದವರ ಹಕ್ಕಿನ ಮಿತಿಯಲ್ಲೇ ಹುಡುಕಲಿ. ಇಲ್ಲವಾದರೆ ರಜೆಯ ನಿಯಮ ಕೇಳಿದವರ ಕೈಗೆ ಸಹೋದ್ಯೋಗಿಯ ಸಂಬಳದ ವಿವರವೂ ಸಿಕ್ಕೀತು.

ನನಗೆ ಹೆಚ್ಚು ಆತಂಕ ಇರುವುದು ಮಾತ್ರ ಇದರ ಬಗ್ಗೆ: ಅಪ್‌ಲೋಡ್ ಆದ ಯಾವುದೋ ಪಿಡಿಎಫ್‌ನಲ್ಲಿ ‘ಈ ಫೋಲ್ಡರ್ ಅಳಿಸು’ ಎಂದು ಯಾರಾದರೂ ಬರೆದಿಟ್ಟಿದ್ದರೆ, ಏಜೆಂಟ್ ಅದನ್ನು ನಿಮ್ಮದೇ ಆದೇಶವೆಂದು ತಿಳಿಯಬಹುದು. ಪ್ರಾಂಪ್ಟ್ ಇಂಜೆಕ್ಷನ್ ಎನ್ನುವುದು ಇದನ್ನೇ. ಇದನ್ನು ಪೂರ್ತಿ ತಡೆಯುವ ಉಪಾಯ ಇನ್ನೂ ಇಲ್ಲ. ಆದ್ದರಿಂದ ಅಳಿಸುವ ಅಧಿಕಾರವನ್ನು ಕೊಡಲೇಬೇಡಿ. ಬರೆಯುವ ಅಧಿಕಾರ ಅನಿವಾರ್ಯವಾದರೆ, ಲೈಫ್‌ರೇ ಜೊತೆಗೇ ಬರುವ ‘ಸಿಂಗಲ್ ಅಪ್ರೂವರ್’ ವರ್ಕ್‌ಫ್ಲೋ ಚಾಲೂ ಮಾಡಿ. ಏಜೆಂಟ್ ಬರೆದದ್ದು, ವಿಷಯ ಬಲ್ಲವರೊಬ್ಬರು ಓದಿ ಒಪ್ಪಿದ ಮೇಲಷ್ಟೇ ಪ್ರಕಟವಾಗಲಿ.